ಒಳ್ಳೆಯ ಕಾಫಿ ಸಿಗುವ ಬೆಂಗಳೂರು

ಬೆಂಗಳೂರಿನಲ್ಲಿ ಕಾಫಿ ಸಿಗದ ಬೀದಿಯಿಲ್ಲ. ಒಳ್ಳೆಯ ಕಾಫಿಯನ್ನು ಮಾತ್ರ ಇಲ್ಲಿಯೂ ಹುಡುಕಿಕೊಂಡೇ ಹೋಗಬೇಕು. ದೇಶದ ಕಾಫಿ ಬೆಳೆಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದ್ದು; ಅದನ್ನು ಬೆಳೆಯುವ ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳು ರಾಜಧಾನಿಗೆ ಅರ್ಧ ದಿನದ ದಾರಿ. ಕಾಫಿ ಮಂಡಳಿಯ ಕೇಂದ್ರ ಕಚೇರಿಯೂ ಇದೇ ಊರಿನಲ್ಲಿದೆ. ಹೀಗಿದ್ದರೂ ತೋಟದಲ್ಲಿ ಚೆನ್ನಾಗಿದ್ದ ಬೀಜ ಲೋಟಕ್ಕೆ ಬರುವಷ್ಟರಲ್ಲಿ ಕೆಡುವುದಕ್ಕೆ ಹಲವು ದಾರಿಗಳಿವೆ. ಅವುಗಳನ್ನೆಲ್ಲ ಮುಚ್ಚಿ ಕಾಯುವವರು ಹೆಚ್ಚಾಗಿ ಮಾಲೀಕರೇ ಗಲ್ಲಾಪೆಟ್ಟಿಗೆಯ ಬಳಿ ಕೂರುವ ಸಣ್ಣ, ಸ್ವತಂತ್ರ ಹೋಟೆಲುಗಳಲ್ಲಿ ಸಿಗುತ್ತಾರೆ.

ಈ ಹೋಟೆಲುಗಳಲ್ಲಿ ಹಿರಿಯದು ಲಾಲ್‌ಬಾಗ್ ರಸ್ತೆಯ ಎಂಟಿಆರ್. 1924ರಲ್ಲಿ ಅದು ಆರಂಭವಾದದ್ದೇ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ. ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಆಮೇಲೆ ಬಂತು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು. ಅಲ್ಲಿ ದೋಸೆಯ ಕೀರ್ತಿಯ ಹಿಂದೆ ಕಾಫಿ ಸ್ವಲ್ಪ ಮರೆಯಾಗಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತುಗಳಾಚೆಗೆ ಹೆಚ್ಚೇನೂ ಸೇರಿಸಿಕೊಂಡಿಲ್ಲ. ಪಟ್ಟಿ ಚಿಕ್ಕದಾಗಿರುವುದು ಕಾಫಿಗೆ ಒಳ್ಳೆಯದೇ: ತಿಂಡಿ ತಿಂದ ಪ್ರತಿಯೊಬ್ಬರೂ ಕಾಫಿ ಕೇಳುವ ಕಡೆ ಡಿಕಾಕ್ಷನ್ ಹಳೆಯದಾಗಲು ಸಮಯವೇ ಇರುವುದಿಲ್ಲ. 1980ರ ದಶಕದಲ್ಲಿ ಜಯನಗರದಿಂದ ಹಬ್ಬಿದ ದರ್ಶಿನಿಗಳು ನಿಂತು ಕುಡಿಯುವ ಕಾಫಿಯನ್ನು ಎಲ್ಲರ ಕೈಗೆಟುಕಿಸಿದವು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಳ್ಳುವ ಬೈಟು ಪದ್ಧತಿ ಈ ಊರಿನ ದೊಡ್ಡ ಸೌಜನ್ಯ. ಅರ್ಧ ಲೋಟ ಕೇಳಿದವರನ್ನು ಯಾವ ಮಾಣಿಯೂ ಕೀಳಾಗಿ ಕಾಣುವುದಿಲ್ಲ.

ಫಿಲ್ಟರ್ ಕಾಫಿಯ ಗುಣವೆಲ್ಲ ಡಿಕಾಕ್ಷನ್‌ನಲ್ಲಿದೆ. ಪುಡಿಯನ್ನು ಹದವಾಗಿ ಒತ್ತಿ, ಕುದಿ ಇಳಿದ ನೀರನ್ನು ಸುರಿದರೆ ಮೊದಲು ತೊಟ್ಟಿಕ್ಕುವ ಗಟ್ಟಿ ರಸದಲ್ಲಿ ಪರಿಮಳ, ಸಿಹಿ, ಒಗರು ಮೂರೂ ಕೂಡಿರುತ್ತವೆ. ಅದೇ ಪುಡಿಗೆ ಎರಡನೆಯ ಸಲ ನೀರು ಹಾಕಿದರೆ ಬರುವುದು ಬಣ್ಣ ಮತ್ತು ಕಹಿ. ಗಟ್ಟಿ ಡಿಕಾಕ್ಷನ್‌ಅನ್ನೂ ಒಲೆಯ ಮೇಲೆ ಗಂಟೆಗಟ್ಟಲೆ ಬಿಸಿಯಾಗಿಟ್ಟರೆ ಪರಿಮಳ ಹಾರಿಹೋಗಿ ಸುಟ್ಟ ವಾಸನೆ ಉಳಿಯುತ್ತದೆ. ಹಾಲಿನದೂ ಇದೇ ಕಥೆ. ಮತ್ತೆ ಮತ್ತೆ ಕಾಯಿಸಿದ ಹಾಲಿನ ವಾಸನೆ ಎಂಥ ಬೀಜವನ್ನೂ ಸೋಲಿಸುತ್ತದೆ. ಬೆಳಗಿನ ಏಳು ಗಂಟೆಗೆ ಅದ್ಭುತವೆನಿಸಿದ ಹೋಟೆಲಿನ ಕಾಫಿ ಮಧ್ಯಾಹ್ನ ಮೂರಕ್ಕೆ ಸಪ್ಪೆಯಾಗಲು ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ. ಆದ್ದರಿಂದ ಹೊಸ ಹೋಟೆಲನ್ನು ಪರೀಕ್ಷಿಸುವವರು ಗಿರಾಕಿಗಳ ಗದ್ದಲವಿರುವ ಹೊತ್ತಿಗೇ ಹೋಗುವುದು ಒಳಿತು.

ಚಿಕೋರಿಯ ವಿಷಯದಲ್ಲಿ ಬೆಂಗಳೂರು ಎರಡು ಪಕ್ಷ. ಈ ಬೇರಿನ ಪುಡಿ ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಮಂದತನ, ಒಂದು ಬಗೆಯ ಸಿಹಿಗಹಿ ಕೊಡುತ್ತದೆ; ಕಾಫಿಯ ಸ್ವಂತ ಪರಿಮಳವನ್ನು ಅಷ್ಟೇ ತಗ್ಗಿಸುತ್ತದೆ. ಮಿಶ್ರಣದಲ್ಲಿ ಕನಿಷ್ಠ ಶೇಕಡ 51ರಷ್ಟು ಕಾಫಿ ಇರಬೇಕೆಂಬುದು ನಿಯಮ, ಅಂದರೆ ಉಳಿದ ಅರ್ಧದ ಹತ್ತಿರದವರೆಗೂ ಚಿಕೋರಿ ತುಂಬಲು ಅವಕಾಶವಿದೆ. ಹಾಲು ಸಕ್ಕರೆ ಬೆರೆಸಿದ ಲೋಟದಲ್ಲಿ ಸ್ವಲ್ಪ ಚಿಕೋರಿ ರುಚಿಗೆ ಬೆನ್ನೆಲುಬಾಗುತ್ತದೆ, ಹೆಚ್ಚಾದರೆ ಕುಡಿಯುವವರಿಗೆ ಸಿಗುವುದು ಕಾಫಿಯ ನೆನಪು ಮಾತ್ರ. ಮಲ್ಲೇಶ್ವರ, ಗಾಂಧಿಬಜಾರುಗಳ ಕಾಫಿಪುಡಿ ಅಂಗಡಿಗಳಲ್ಲಿ ಗಿರಾಕಿ ಹೇಳಿದ ಪ್ರಮಾಣದಲ್ಲೇ ಬೆರೆಸಿ, ಕಣ್ಣೆದುರು ಬೀಸಿ ಕೊಡುತ್ತಾರೆ. ಕಾಯಿಯೊಳಗೆ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದ ಪೀಬೆರಿಯನ್ನು ಹೆಸರಿಟ್ಟು ಕೇಳುವ ಮನೆಗಳು ಇಂದಿಗೂ ಇವೆ.

ಇಷ್ಟೆಲ್ಲ ಜಾಣ್ಮೆ ಬೆರಕೆ ಮತ್ತು ಡಿಕಾಕ್ಷನ್‌ಗೆ ಮೀಸಲಾದದ್ದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಯಾವ ತೋಟದ ಬೀಜವಾದರೂ ದರ್ಜೆಗೆ ತಕ್ಕಂತೆ ಒಂದೇ ರಾಶಿಗೆ ಸೇರಿ ಹರಾಜಾಗುತ್ತಿತ್ತು. ಯುದ್ಧಕಾಲದಲ್ಲಿ ರಫ್ತು ಕುಸಿದಾಗ ಈ ಏರ್ಪಾಡು ಬೆಳೆಗಾರರನ್ನು ಉಳಿಸಿತೆಂಬುದು ನಿಜ. ಆದರೆ ನೆರಳು, ಮಣ್ಣು, ತಳಿಗಳ ಬಗ್ಗೆ ಎಷ್ಟೇ ಆಸ್ಥೆ ವಹಿಸಿದರೂ ತೋಟದ ಹೆಸರು ಮಾತ್ರ ಲೋಟದವರೆಗೆ ಬರಲಿಲ್ಲ. ಕುಡಿಯುವವರಿಗೆ ತಿಳಿಯುತ್ತಿದ್ದುದು ಹೋಟೆಲಿನ ಹೆಸರು, ಹೆಚ್ಚೆಂದರೆ ಪುಡಿ ಅಂಗಡಿಯ ಹೆಸರು. 1990ರ ದಶಕದಲ್ಲಿ ಮುಕ್ತ ಮಾರಾಟಕ್ಕೆ ಹಂತಹಂತವಾಗಿ ಅವಕಾಶವಾಯಿತು, 1996ರ ಹೊತ್ತಿಗೆ ಪೂಲ್ ವ್ಯವಸ್ಥೆ ಕೊನೆಗೊಂಡಿತು. ಅದೇ ವರ್ಷ ಬ್ರಿಗೇಡ್ ರಸ್ತೆಯಲ್ಲಿ ಕಾಫಿ ಡೇಯ ಮೊದಲ ಮಳಿಗೆ ತೆರೆಯಿತು. ಎಸ್ಪ್ರೆಸೊ, ಕ್ಯಾಪುಚಿನೊಗಳು ಕಾಲೇಜು ಹುಡುಗರ ಬಾಯಿಗೆ ಬಂದದ್ದು ಆಗ.

ಎರಡು ಕಾಲಗಳಿಗೂ ಸೇರಿದ್ದು ಇಂಡಿಯಾ ಕಾಫಿ ಹೌಸ್. ಕೆಲಸಗಾರರ ಸಹಕಾರ ಸಂಘವೇ ನಡೆಸುವ ಈ ಹೋಟೆಲು ಮಹಾತ್ಮ ಗಾಂಧಿ ರಸ್ತೆಯ ಹಳೆಯ ಕಟ್ಟಡವನ್ನು 2009ರಲ್ಲಿ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಪೇಟ ತೊಟ್ಟ ಮಾಣಿಗಳು, ಹೊತ್ತು ನೋಡದೆ ಕೂರಲು ಬಿಡುವ ಉದಾರತೆ ಜೊತೆಗೇ ಬಂದವು.

ಪೂಲ್ ಹೋದ ಮೇಲೆ ಸಾಧ್ಯವಾದದ್ದನ್ನು ಪೂರ್ತಿ ಬಳಸಿಕೊಂಡವರು ಕಳೆದ ಹದಿನೈದು ವರ್ಷಗಳಲ್ಲಿ ಬಂದ ಸಣ್ಣ ಕೆಫೆಗಳವರು, ಬೀಜ ಹುರಿಯುವವರು. ಹಲಸೂರಿನ ಮಾವೆರಿಕ್ ಅಂಡ್ ಫಾರ್ಮರ್ ಕೊಡಗಿನ ಪೊಲ್ಲಿಬೆಟ್ಟದ ತೋಟದೊಂದಿಗೆ ಬೆಸೆದುಕೊಂಡಿದೆ. ಇಂದಿರಾನಗರದ ಅರಕು ಕೆಫೆಯ ಬೀಜ ಆಂಧ್ರದ ಅರಕು ಕಣಿವೆಯ ಆದಿವಾಸಿ ಬೆಳೆಗಾರರದು. ಇನ್ನೂ ಹಲವು ಕಡೆ ಆಲ್ದೂರಿನ ಕೆರೆಹಕ್ಲು, ಬಿಳಿಗಿರಿರಂಗನ ಬೆಟ್ಟದ ಅತ್ತಿಖಾನೆಯಂಥ ಹೆಸರುಗಳು ಪೊಟ್ಟಣದ ಮೇಲೆ ಕಾಣಸಿಗುತ್ತವೆ. ಜೊತೆಗೆ ತಳಿ ಯಾವುದು, ಹಣ್ಣನ್ನು ತೊಳೆದು ಒಣಗಿಸಿದ್ದೋ ಸಿಪ್ಪೆಸಹಿತ ಒಣಗಿಸಿದ್ದೋ, ಹುರಿದ ದಿನ ಯಾವುದು ಎಂಬ ವಿವರ. ಎಸ್.795 ತಳಿಯ ಬೀಜವನ್ನು ನಡುಹದಕ್ಕೆ ಹುರಿದು, ಕಾಗದದ ಸೋಸುಕದ ಮೇಲೆ ನಿಧಾನ ನೀರು ಸುರಿದು, ಹಾಲಿಲ್ಲದೆ ಕುಡಿದರೆ ಅದರ ಹುಳಿಸಿಹಿ ನಾಲಗೆಗೆ ಸ್ಪಷ್ಟವಾಗುತ್ತದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ದಶಕಗಳ ದುಡಿಮೆ ಆ ಒಂದು ಗುಟುಕಿನಲ್ಲಿದೆ.

ಹೊಸ ಕೆಫೆಗಳ ಬೆಲೆ ದರ್ಶಿನಿಯ ಹತ್ತು ಪಟ್ಟೂ ಆಗಬಹುದು. ಬೀಜಕ್ಕೆ ಬೆಳೆಗಾರರಿಗೆ ಮಾರುಕಟ್ಟೆಗಿಂತ ಹೆಚ್ಚು ಕೊಡುವ ಕಡೆ ಅದು ನ್ಯಾಯವಾದ ಬೆಲೆ. ದೀಪ, ಕುರ್ಚಿ, ಗೋಡೆಯ ಚಿತ್ರಗಳಿಗಷ್ಟೇ ದುಡ್ಡು ಸುರಿದ ಕಡೆ ಅಲ್ಲ. ಇವೆರಡನ್ನು ಬೇರ್ಪಡಿಸಲು ಸುಲಭವಾದ ದಾರಿ ಪ್ರಶ್ನೆ ಕೇಳುವುದು. ಬೀಜ ಎಲ್ಲಿಯದು, ಹುರಿದು ಎಷ್ಟು ದಿನವಾಯಿತು ಎಂದರೆ ಒಳ್ಳೆಯ ಕೆಫೆಯ ಹುಡುಗರು ಸಂತೋಷದಿಂದ ಉತ್ತರಿಸುತ್ತಾರೆ. ಹುರಿದ ಕೆಲವು ದಿನ ಬೀಜ ಗಾಳಿ ಬಿಡುತ್ತಿರುತ್ತದೆ, ಆಮೇಲಿನ ಮೂರು ನಾಲ್ಕು ವಾರ ಅದರ ಉತ್ತಮ ಕಾಲ. ಪುಡಿ ಮಾಡಿಟ್ಟದ್ದಾದರೆ ಪರಿಮಳ ದಿನಗಳಲ್ಲೇ ಇಳಿಯುತ್ತದೆ. ಹಳೆಯ ಹೋಟೆಲಿನಲ್ಲಿ ಕೇಳಬೇಕಾದದ್ದು ಒಂದೇ: ಡಿಕಾಕ್ಷನ್ ಈಗ ಇಳಿಸಿದ್ದೇ?

ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ಫೆಬ್ರವರಿಯವರೆಗೆ ನಡೆಯುತ್ತದೆ. ಒಣಗಿ, ಹಾಸನ, ಚಿಕ್ಕಮಗಳೂರು, ಕುಶಾಲನಗರಗಳ ಕ್ಯೂರಿಂಗ್ ಘಟಕಗಳನ್ನು ದಾಟಿದ ಹೊಸ ಬೆಳೆಯ ಬೀಜ ಬೇಸಿಗೆಯ ನಂತರ ಊರಿನ ಹುರಿಯುವ ಯಂತ್ರಗಳಿಗೆ ಬೀಳುತ್ತದೆ. ಹೊಸ ಕೆಫೆಗಳ ಹುಡುಕಾಟಕ್ಕೆ ಆದ್ದರಿಂದ ಮಳೆಗಾಲವೇ ಸರಿಯಾದ ಕಾಲ. ಹಳೆಯ ಹೋಟೆಲುಗಳಿಗೆ ವರ್ಷದ ಯಾವ ಬೆಳಗಾದರೂ ಸರಿ, ಎಂಟು ಗಂಟೆಯೊಳಗೆ ಹೋದರೆ ಸಾಕು.