ಓದು ಮುಗಿದ ಮೇಲಿನ ಪ್ರಶ್ನೆ

ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: 'ಮುಂದೇನು?' ಎಂಜಿನಿಯರಿಂಗೋ, ಮೆಡಿಕಲ್ಲೋ, ಬಿ.ಕಾಂ. ಮಾಡಿಸಿ ಬ್ಯಾಂಕ್ ಪರೀಕ್ಷೆಗೆ ಕೂರಿಸುವುದೋ ಎಂದು ಅಪ್ಪ ಅಮ್ಮ ಲೆಕ್ಕ ಹಾಕುತ್ತಾರೆ. ಫೀಸಿಗೆ ದುಡ್ಡು ಹೊಂದಿಸುವ ಚಿಂತೆ ಬೇರೆ. ಈ ಗಡಿಬಿಡಿಯಲ್ಲಿ 'ಯಾತಕ್ಕಾಗಿ?' ಎಂಬ ಇನ್ನೊಂದು ಪ್ರಶ್ನೆ ಮೂಲೆಗೆ ಸರಿಯುತ್ತದೆ. ಎಷ್ಟೋ ವರ್ಷ ಸುಮ್ಮನಿದ್ದು, ಕೆಲಸ, ಸಂಬಳ, ಹೆಸರು ಎಲ್ಲ ಕೈಗೆ ಬಂದ ಮೇಲೆ ಒಂದು ದಿನ ಅದು ಎದುರಿಗೆ ನಿಲ್ಲುತ್ತದೆ.

ಸುಮಾರು 1600 ವರ್ಷಗಳ ಹಿಂದೆ ಅಗಸ್ಟೀನ್ ಎಂಬ ಮೇಷ್ಟರಿಗೆ ಹೀಗೆಯೇ ಆಯಿತು. ಕ್ರೈಸ್ತ ಜಗತ್ತು ಮುಂದೆ ಅವನನ್ನು ಸಂತನೆಂದು ಗೌರವಿಸಿತು. ಆದರೆ ಅವನ ಕಥೆ ಶುರುವಾಗುವುದು ಮಗನನ್ನು ಓದಿಸಲು ಹೆಣಗುತ್ತಿದ್ದ ಒಂದು ಸಾಧಾರಣ ಮನೆಯಲ್ಲಿ.

ಅವನು ಹುಟ್ಟಿದ್ದು ಕ್ರಿ.ಶ. 354ರಲ್ಲಿ, ಉತ್ತರ ಆಫ್ರಿಕದ ಥಗಾಸ್ತೆಯಲ್ಲಿ. ಇಂದಿನ ಅಲ್ಜೀರಿಯಕ್ಕೆ ಸೇರಿದ ಊರು ಅದು. ಆಗ ರೋಮನ್ ಸಾಮ್ರಾಜ್ಯದ ಭಾಗ. ತಂದೆ ಪ್ಯಾಟ್ರಿಷಿಯಸ್‌ಗೆ ಸ್ವಲ್ಪ ಜಮೀನಿತ್ತು, ಹಣ ಹೆಚ್ಚಿರಲಿಲ್ಲ. ತಾಯಿ ಮೋನಿಕಾ ದೈವಭಕ್ತೆಯಾದ ಕ್ರೈಸ್ತ ಹೆಂಗಸು. ಹುಡುಗ ಚುರುಕು. ಮೇಷ್ಟರ ಬೆತ್ತದ ಭಯದಲ್ಲೇ ಅಕ್ಷರ ಕಲಿತ. ಗ್ರೀಕ್ ಎಂದರೆ ಅವನಿಗೆ ಆಗುತ್ತಿರಲಿಲ್ಲ, ಲ್ಯಾಟಿನ್ ಕಾವ್ಯವೆಂದರೆ ಪ್ರಾಣ. ಹದಿನಾರನೆಯ ವಯಸ್ಸಿಗೆ ಅವನ ಓದು ನಿಂತಿತು. ಕಾರ್ಥೇಜ್ ನಗರಕ್ಕೆ ಕಳಿಸಲು ತಂದೆ ಹಣ ಕೂಡಿಸಬೇಕಾಗಿತ್ತು. ಯೋಗ್ಯತೆ ಮೀರಿ ಮಗನನ್ನು ಓದಿಸುವ ತಂದೆಯೆಂದು ಊರವರು ಹೊಗಳಿದರು. ಮಗ ಮಾತಿನಲ್ಲಿ ಗಟ್ಟಿಗನಾದರೆ ಸಾಕೆಂದಿದ್ದ ತಂದೆ, ಅವನು ಎಂಥ ಮನುಷ್ಯನಾಗುತ್ತಿದ್ದಾನೆ ಎಂದು ನೋಡಲಿಲ್ಲ ಎಂದು ಮುಂದೆ ಆ ಮಗನೇ ಬರೆದ.

ಕೆಲಸವಿಲ್ಲದ ಆ ವರ್ಷ ಒಂದು ರಾತ್ರಿ ಅವನೂ ಗೆಳೆಯರೂ ಸೇರಿ ಪಕ್ಕದವರ ಪೇರ್ ಹಣ್ಣಿನ ಮರವನ್ನು ದೋಚಿದರು. ಹಣ್ಣಿಗೆ ಅಂಥ ರುಚಿಯೂ ಇರಲಿಲ್ಲ, ಅಂದವೂ ಇರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಮನೆಯಲ್ಲೇ ಇತ್ತು. ಕದ್ದದ್ದನ್ನು ಹಂದಿಗಳಿಗೆ ಎಸೆದರು. ಸಣ್ಣ ಸಂಗತಿ. ಆದರೆ ನಡುವಯಸ್ಸಿನಲ್ಲಿ 'ಕನ್ಫೆಷನ್ಸ್' ಎಂಬ ಆತ್ಮನಿವೇದನೆಯನ್ನು ಬರೆಯುವಾಗ ಅಗಸ್ಟೀನ್ ಇದಕ್ಕೆ ಪುಟಗಟ್ಟಲೆ ಕೊಟ್ಟ. ಹಸಿವಿಲ್ಲದೆ ಕದ್ದದ್ದೇಕೆ? ಬೇಡವೆಂದದ್ದನ್ನು ಮಾಡುವುದರಲ್ಲೇ ಒಂದು ಸುಖವಿತ್ತು. ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲ; ಗೆಳೆಯರು ಹೊರಟಾಗ ಹಿಂದೆ ಉಳಿಯಲು ನಾಚಿಕೆ. ಹುಡುಗ ಅದನ್ನು ಸ್ವಾತಂತ್ರ್ಯವೆಂದುಕೊಂಡಿದ್ದ. ಅದು ಗುಂಪಿನ ಗುಲಾಮಗಿರಿ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು.

ಕಾರ್ಥೇಜಿನಲ್ಲಿ ವಿದ್ಯೆ ಬಂತು, ಜೊತೆಗೆ ಚಟವೂ ಬಂತು. ಮಾನಿ ಎಂಬವನ ಮತ ಅವನನ್ನು ಒಂಬತ್ತು ವರ್ಷ ಹಿಡಿದಿಟ್ಟಿತು. ಬೆಳಕು ಕತ್ತಲೆಗಳ ಕದನವೇ ಲೋಕ, ದೇಹವೂ ಮಣ್ಣೂ ಕತ್ತಲೆಯ ಪಾಲು ಎಂದು ಆ ಮತ ಹೇಳುತ್ತಿತ್ತು. ಅದರಲ್ಲೊಂದು ಅನುಕೂಲವಿತ್ತು. ತಪ್ಪು ಮಾಡಿದ್ದು ತಾನಲ್ಲ, ತನ್ನೊಳಗಿನ ಬೇರೇನೋ ಎಂದುಬಿಡಬಹುದಿತ್ತು.

383ರಲ್ಲಿ ಅವನು ರೋಮಿಗೆ ಹೊರಟ. ತಾಯಿ ಬಿಡಲಿಲ್ಲ, ಬಂದರಿನವರೆಗೂ ಬಂದಳು. ಗೆಳೆಯನನ್ನು ಕಳಿಸಿಕೊಡಬೇಕಷ್ಟೆ ಎಂದು ಸುಳ್ಳು ಹೇಳಿ, ಆಕೆ ಹತ್ತಿರದ ಪ್ರಾರ್ಥನಾ ಮಂದಿರದಲ್ಲಿದ್ದ ರಾತ್ರಿ ಹಡಗು ಹತ್ತಿದ. ಬೆಳಗಾದಾಗ ಮೋನಿಕಾ ದಡದಲ್ಲಿ ನಿಂತು ಅತ್ತಳು.

ಮರುವರ್ಷವೇ ಮಿಲಾನಿನಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಚಕ್ರವರ್ತಿಯಿದ್ದ ನಗರದಲ್ಲಿ ಅವನು ವಾಕ್ಚಾತುರ್ಯದ ಅಧ್ಯಾಪಕ. ಒಂದು ದಿನ ಚಕ್ರವರ್ತಿಯ ಮುಂದೆ ಹೊಗಳಿಕೆಯ ಭಾಷಣ ಮಾಡಬೇಕಿತ್ತು. ಹೇಳಬೇಕಾದ್ದರಲ್ಲಿ ಬಹುಪಾಲು ಸುಳ್ಳೆಂದು ಅವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಎದೆಯಲ್ಲಿ ಡವಡವ. ದಾರಿಯಲ್ಲಿ ಒಬ್ಬ ಭಿಕ್ಷುಕ ಕುಡಿದು ನಗುತ್ತಿದ್ದ. ನಾಲ್ಕು ಕಾಸಿನಲ್ಲಿ ಅವನಿಗೆ ಸಿಕ್ಕ ಸಂತೋಷ, ಇಷ್ಟು ವರ್ಷ ಓದಿಯೂ ತನಗೆ ಸಿಕ್ಕಿಲ್ಲವಲ್ಲ ಎಂದು ಅಗಸ್ಟೀನ್ ಗೆಳೆಯರಿಗೆ ಹೇಳಿದ. ಭಿಕ್ಷುಕನ ಸಂತೋಷ ನಿಜವಾದುದಲ್ಲವೆಂದು ಅವನು ಬಲ್ಲ. ತನ್ನ ಓಟ ಹುಡುಕುತ್ತಿದ್ದುದು ಅದಕ್ಕಿಂತಲೂ ಪೊಳ್ಳು ಎಂಬುದೇ ಅವನನ್ನು ಚುಚ್ಚಿತು.

ಮಿಲಾನಿನ ಬಿಷಪ್ ಆಂಬ್ರೋಸನ ಪ್ರವಚನ ಕೇಳಲು ಅವನು ಮೊದಲು ಹೋದದ್ದು ಭಾಷೆಯ ಸೊಗಸಿಗಾಗಿ. ಕ್ರಮೇಣ ಅರ್ಥವೂ ಒಳಗಿಳಿಯಿತು. ದೇವರು ಸೃಷ್ಟಿಸಿದ್ದೆಲ್ಲ ಒಳ್ಳೆಯದು. ಕೆಡುಕು ಬೇರೊಂದು ವಸ್ತುವಲ್ಲ, ಒಳಿತಿನ ಕೊರತೆ. ಮನುಷ್ಯ ದೇವರ ಹೋಲಿಕೆಯಲ್ಲಿ ಸೃಷ್ಟಿಯಾದವನು. ತನ್ನ ಆಯ್ಕೆಗೆ ತಾನೇ ಹೊಣೆ. ಮಾನಿಯ ಮತ ಕೊಟ್ಟಿದ್ದ ನೆಪ ಇಲ್ಲಿ ಉಳಿಯಲಿಲ್ಲ.

ಆದರೂ ತಿಳಿದದ್ದನ್ನು ಬದುಕಲು ಆಗಲಿಲ್ಲ. ಆಸೆಗೆ ಮಣಿದರೆ ಅಭ್ಯಾಸ, ಅಭ್ಯಾಸವನ್ನು ತಡೆಯದಿದ್ದರೆ ಸಂಕೋಲೆ. ಕೊಂಡಿಗೆ ಕೊಂಡಿ ಸೇರಿ ಅದು ತನ್ನನ್ನು ಹೇಗೆ ಬಿಗಿಯಿತು ಎಂದು ಅಗಸ್ಟೀನ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಬಿಗಿದವನು ತಾನೇ, ಬಿಚ್ಚಲಾರದವನೂ ತಾನೇ. ಕ್ರೈಸ್ತ ಬೋಧನೆಯಲ್ಲಿ ಬಿಡುಗಡೆ ಎಂಬ ಮಾತಿಗೆ ಇರುವ ತೂಕ ಇಲ್ಲಿ ತಿಳಿಯುತ್ತದೆ. ಇಷ್ಟ ಬಂದದ್ದನ್ನು ಮಾಡುವುದು ಸುಲಭ. ಒಳ್ಳೆಯದನ್ನು ಇಷ್ಟಪಡುವ ಶಕ್ತಿ ಬರುವುದು ಕಷ್ಟ. ಆ ಶಕ್ತಿ ದೇವರ ಕೃಪೆ ಎಂದು ಅವನು ಕಂಡುಕೊಂಡ.

386ರಲ್ಲಿ ಮನೆಯ ತೋಟದಲ್ಲಿ ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಿದ್ದಾಗ ಪಕ್ಕದ ಮನೆಯಿಂದ ಮಗುವಿನ ದನಿ ಕೇಳಿತು; ಪುಸ್ತಕ ತೆಗೆದು ಓದು ಎನ್ನುವಂತೆ ಅದು ರಾಗವಾಗಿ ಹೇಳುತ್ತಿತ್ತು. ಅವನು ಸಂತ ಪೌಲನ ಪತ್ರವನ್ನು ತೆರೆದು ಓದಿದ. ಎಷ್ಟೋ ವರ್ಷದ ಗಂಟು ಸಡಿಲಾಯಿತು. ಹಾಗೆಂದು ಮರುದಿನವೇ ಪಾಠ ಬಿಟ್ಟು ಓಡಲಿಲ್ಲ. ದ್ರಾಕ್ಷಿ ಸುಗ್ಗಿಯ ರಜೆಯವರೆಗೆ ಸದ್ದಿಲ್ಲದೆ ಕಲಿಸಿ, ಆಮೇಲೆ ಹುದ್ದೆ ಬಿಟ್ಟ. ಕಲಿತ ವಿದ್ಯೆಯೂ ವ್ಯರ್ಥವಾಗಲಿಲ್ಲ. ಚಕ್ರವರ್ತಿಯನ್ನು ಹೊಗಳಲು ಪಳಗಿದ್ದ ನಾಲಿಗೆ ಮುಂದೆ ಹಿಪ್ಪೊ ಎಂಬ ಬಂದರು ಪಟ್ಟಣದ ಜನರಿಗೆ ಬೋಧಿಸಿತು. ಅಲ್ಲಿ ಬಿಷಪ್ ಆಗಿದ್ದು, 430ರಲ್ಲಿ ತೀರಿಕೊಳ್ಳುವವರೆಗೂ ಅವನು ಬರೆದ.

'ಕನ್ಫೆಷನ್ಸ್' ತನ್ನ ಕಥೆ ಮುಗಿಸಿ, ಕೊನೆಯ ಮೂರು ಭಾಗಗಳಲ್ಲಿ ಲೋಕದ ಸೃಷ್ಟಿಯ ವಿಚಾರಕ್ಕೆ ತಿರುಗುತ್ತದೆ. ಓದುಗರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಯಾತಕ್ಕಾಗಿ ಬಾಳುವುದು ಎಂದು ಕೇಳಿದವನು, ಮಾಡಿದವನು ಯಾರು, ಯಾತಕ್ಕೆ ಮಾಡಿದ ಎಂದು ಕೇಳಲೇಬೇಕಲ್ಲ. ಕಲ್ಲು ತನ್ನ ಭಾರದಿಂದ ಕೆಳಗಿಳಿಯುತ್ತದೆ, ಬೆಂಕಿ ಮೇಲೇರುತ್ತದೆ. ಮನುಷ್ಯನನ್ನು ಅವನ ನೆಲೆಗೆ ಎಳೆಯುವ ಭಾರ ಅವನ ಪ್ರೀತಿಯೇ ಎಂಬುದು ಅಗಸ್ಟೀನ್ ಕಂಡ ಉತ್ತರದ ತಾತ್ಪರ್ಯ.

ಇನ್ನು ತಾಯಿಯ ಮಾತು. ಮಗ ಓಡಿಹೋದರೂ ಮೋನಿಕಾ ಕಡಲು ದಾಟಿ ಮಿಲಾನಿಗೆ ಬಂದಿದ್ದಳು. ಅವನಿಗೆ ಒಳ್ಳೆಯ ಮನೆತನದ ಹೆಣ್ಣನ್ನೂ ಗೊತ್ತುಮಾಡಿದ್ದಳು. ಆ ಮದುವೆ ನಡೆಯಲಿಲ್ಲ. 387ರ ಈಸ್ಟರ್ ಹಬ್ಬದಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಊರಿಗೆ ಮರಳುವ ದಾರಿಯಲ್ಲಿ, ರೋಮಿನ ಬಂದರಾದ ಓಸ್ಟಿಯದಲ್ಲಿ, ತಾಯಿ ಮಗ ಕಿಟಕಿಯ ಬಳಿ ನಿಂತು ಬಹಳ ಹೊತ್ತು ಮಾತನಾಡಿದರು. ಕೆಲವೇ ದಿನಗಳಲ್ಲಿ ಆಕೆ ಜ್ವರದಿಂದ ಮಲಗಿದಳು. ಊರಿನಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಜೀವಮಾನವೆಲ್ಲ ಆಸೆಪಟ್ಟಿದ್ದವಳು ಈಗ, ದೇಹವನ್ನು ಎಲ್ಲಿ ಬೇಕಾದರೂ ಹೂಳಿರಿ, ಆ ಚಿಂತೆ ಬೇಡ ಎಂದಳು.

ಮಗ ಬಿಡುಗಡೆ ಹುಡುಕುತ್ತ ಹೊರಟಿದ್ದ. ಅವನನ್ನು ಬಿಡಲಾರದೆ ಬೆನ್ನುಹತ್ತಿ ಬಂದ ತಾಯಿಗೂ ಕಡೆಗೆ ಅದು ಸಿಕ್ಕಿತು.