ಹಳೆಯ ಗಣಕದ ಗಾಂಧಾರ

ಜರ್ಮನಿ ದೇಶದಲ್ಲಿ ‘ವೆಲ್ಲೆ ಎರ್ಡ್‌ಬಾಲ್’ ಎಂಬ ಹೆಸರಿನ ಸಂಗೀತ ಮೇಳವೊಂದುಂಟು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಬೆಳಕಿಗೆ ಬಂದ ಈ ಮೇಳವು ತನ್ನ ಹೆಸರನ್ನು 1928ರ ಒಂದು ರೇಡಿಯೋ ನಾಟಕದಿಂದ ಪಡೆದುಕೊಂಡಿತು. ಆದರೆ ವಾಚಕರಿಗೆ ವಿಸ್ಮಯವಾಗತಕ್ಕ ಸಂಗತಿಯು ಬೇರೆ. ಆ ಮೇಳದವರು ತಮ್ಮ ಸದಸ್ಯರನ್ನು ಎಣಿಸುವಾಗ ಒಂದು ಹಳೆಯ ಗಣಕಯಂತ್ರವನ್ನೂ ಕೂಡಿಸಿಯೇ ಎಣಿಸುತ್ತಾರೆ! ಅದು 1982ರಲ್ಲಿ ಮಾರಾಟಕ್ಕೆ ಬಂದ ‘ಕಮೊಡೋರ್ 64’. ಅದನ್ನು ಮಾಡಿದ ಕಂಪನಿಯು 1994ರಲ್ಲಿಯೇ ದಿವಾಳಿಯೆದ್ದಿತು. ಆ ಯಂತ್ರದ ಒಡಲಲ್ಲಿರುವ, ರಾಬರ್ಟ್ ಯಾನಿಸ್ ಎಂಬಾತನು ರಚಿಸಿದ ನಾದದ ಚಿಪ್ಪಿನಿಂದ ಏಕಕಾಲಕ್ಕೆ ಮೂರು ಸ್ವರಗಳು ಹೊರಡುತ್ತವೆಯೇ ಹೊರತು ನಾಲ್ಕನೆಯದು ಹೊರಡದು. ಆ ಮೂರರ ಮೇಳವನ್ನೇ ಅವರು ಮೆಚ್ಚಿ ಹಿಡಿದುಕೊಂಡಿದ್ದಾರೆ.

ಇದನ್ನು ನನಗೆ ತಿಳಿಸಿದವನು ಕಲಬುರಗಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ಅಣ್ಣನ ಮಗನು. ಅವನು ಕೇಳಿಸಿದ ಹಾಡುಗಳು ನನಗೆ ಬಹಳವಾಗಿ ರುಚಿಸಿದವೆಂದು ಹೇಳಲಾರೆನು. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ಹಾಯ್ದುಹೋದಂತೆ ಒಂದೇ ಬಗೆಯ ಲಯ. ಆದರೂ ಬಿಸುಟ ವಸ್ತುವಿಗೆ ಹೊಸ ಕೆಲಸವನ್ನು ಕೊಟ್ಟ ಅವರ ರೀತಿಯು ನನ್ನ ಮನಸ್ಸಿಗೆ ಒಪ್ಪಿತು. ಸನ್ನತಿಯವರಾದ ನಮಗೆ ಇದು ಅಪರಿಚಿತವಾದುದೇನೂ ಅಲ್ಲ. ನಮ್ಮೂರ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಆಗ ನೋಡಲಾಗಿ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನವಿದ್ದಿತು. ಲಿಪಿಯನ್ನು ಓದಬಲ್ಲವರು ಇಲ್ಲದಂತಾದ ಕಾಲದಲ್ಲಿ ಯಾವನೋ ಶಿಲ್ಪಿಯು ಒಳ್ಳೆಯ ಕಲ್ಲೆಂದು ಅದನ್ನು ಎತ್ತಿಕೊಂಡಿರಬೇಕು. ಪೀಠಕ್ಕೆಂದು ಕಲ್ಲನ್ನು ಕೊರೆದುದರಿಂದ ಕೆಲವು ಅಕ್ಷರಗಳು ಹೋದವು, ನಿಜ. ಆದರೆ ಪೀಠವಾಗದಿದ್ದರೆ ಆ ಕಲ್ಲು ಯಾರ ಮನೆಯ ಮೆಟ್ಟಿಲಾಗುತ್ತಿದ್ದಿತೋ!

ನಮ್ಮ ಮನೆಯ ಅಟ್ಟದ ಮೇಲೂ ಇಂತಹುದೊಂದು ವಸ್ತುವಿದ್ದಿತು. ಅಣ್ಣನು ಪುಣೆಯಲ್ಲಿ ನೌಕರಿಯಲ್ಲಿದ್ದಾಗ, 1987ರ ಬೇಸಿಗೆಯಲ್ಲಿ, ‘ಸ್ಪೆಕ್ಟ್ರಂ’ ಎಂಬ ಸಣ್ಣ ಗಣಕವನ್ನು ತಂದಿದ್ದನು. ರಬ್ಬರಿನ ಕೀಲಿಗಳು, 48 ಕಿಲೋಬೈಟುಗಳ ನೆನಪು, ತೆರೆಗೆ ಮನೆಯ ಟೆಲಿವಿಷನ್ನೇ ಆಗಬೇಕು. ಬರೆದುದನ್ನು ಉಳಿಸಿಡಲು ಹಾಡಿನ ಕ್ಯಾಸೆಟ್ಟೇ ಗತಿ. ಯಂತ್ರದ ನೆನಪು ಪೂರ್ತಿ ತುಂಬಬೇಕಾದರೆ ಕ್ಯಾಸೆಟ್ಟು ಐದು ನಿಮಿಷದಷ್ಟು ಕಾಲ ಕಿರಿಚುತ್ತಿದ್ದಿತು. ಕಮೊಡೋರಿನ ಮೂರು ಸ್ವರಗಳ ಸಿರಿ ಇದಕ್ಕಿರಲಿಲ್ಲ. ಇದರ ಕೊರಳು ಒಂದೇ. ಆದರೆ ಸ್ವರವನ್ನು ಸಂಖ್ಯೆಯಿಂದ ಹೇಳಬೇಕಾಗಿದ್ದುದರಿಂದ, ದಶಾಂಶವನ್ನು ಬರೆದು ಹಾರ್ಮೋನಿಯಂನ ಎರಡು ಮನೆಗಳ ನಡುವಿನ ಸ್ವರವನ್ನೂ ಹೊರಡಿಸಬಹುದಾಗಿದ್ದಿತು.

ಬೆಂಗಳೂರಿನಲ್ಲಿ ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣರು ವಿದ್ಯುತ್ ತಂಬೂರಿಯನ್ನು ನಿರ್ಮಿಸಿದರು. ಇಂದು ಸಂಗೀತ ಕಲಿಯುವ ಎಷ್ಟೋ ಮನೆಗಳಲ್ಲಿ ಅಂತಹ ಪೆಟ್ಟಿಗೆಯೇ ಶ್ರುತಿ ಹಿಡಿಯುತ್ತದೆ. ಅಣ್ಣನಿಗೆ ಅಷ್ಟು ವಿದ್ಯೆಯಿರಲಿಲ್ಲ. ಹೊಸದಾಗಿ ಮನೆಗೆ ಬಂದ ವೈನಿಯವರು ಹಾಡುತ್ತಿದ್ದ ಭೂಪವನ್ನು ಯಂತ್ರದಿಂದ ನುಡಿಸಬೇಕೆಂಬುದೊಂದೇ ಹಂಬಲ.

ಅಣ್ಣನು ತೀರಿಕೊಂಡು ಆರು ವರ್ಷಗಳಾದವು. ವೈನಿಯವರು ಹಾಡುವುದನ್ನು ಅಂದೇ ಬಿಟ್ಟರು. ಹೋದ ಚೈತ್ರದಲ್ಲಿ ಮನೆಯನ್ನು ದುರಸ್ತಿಮಾಡಿಸುವಾಗ, ಹಳೆಯ ಸಾಮಾನು ಕೊಳ್ಳುವವನು ಚಿತ್ತಾಪುರದಿಂದ ಬಂದು ಅಟ್ಟದ ಸರಕನ್ನೆಲ್ಲ ತೂಗತೊಡಗಿದನು. ಯಂತ್ರವೂ ಕ್ಯಾಸೆಟ್ಟುಗಳ ಡಬ್ಬಿಯೂ ತಕ್ಕಡಿಗೆ ಏರಿದ್ದವು. “ಕಾಕಾ, ಅದೊಂದು ಬ್ಯಾಡ್ರಿ, ಇಳಿಸ್ರಿ” ಎಂದು ಹುಡುಗನು ತಡೆದನು. “ಇಟ್ಟು ಏನು ಮಾಡ್ತೀ? ಅದರ ಕಾಲ ಮುಗೀತು” ಎಂದರು ವೈನಿಯವರು, ಆದರೆ ಕೊಡಿರೆಂದು ಹೇಳಲಿಲ್ಲ.

ಯಂತ್ರಕ್ಕೆ ವಿದ್ಯುತ್ತು ಕೊಟ್ಟಾಗ ತೆರೆಯು ಬೆಳಗಿತು, ಆದರೆ ಕೀಲಿಗಳು ಓಗೊಡಲಿಲ್ಲ. ರಬ್ಬರಿನ ಕೆಳಗಿದ್ದ ತೆಳುವಾದ ಹಾಳೆಯು ಒಣಗಿ ಬಿರಿದುಹೋಗಿದ್ದಿತು. ಆದುದರಿಂದ ಹುಡುಗನು ಕ್ಯಾಸೆಟ್ಟಿನ ಕಿರಿಚಾಟವನ್ನೇ ತನ್ನ ಹೊಸ ಗಣಕಕ್ಕೆ ಉಣಿಸಿದನು. ಅದರಲ್ಲಿ ಹಳೆಯ ಯಂತ್ರವನ್ನು ಅನುಕರಿಸುವ ವ್ಯವಸ್ಥೆಯುಂಟಂತೆ. ಎರಡು ಕ್ಯಾಸೆಟ್ಟುಗಳು ಬೂಸು ಹಿಡಿದು ಹಾಳಾಗಿದ್ದವು. ಮೂರನೆಯದು ನಾಲ್ಕು ಬಾರಿ ತಪ್ಪೆಂದು ನಿಂತು, ಐದನೆಯ ಬಾರಿಗೆ ತೆರೆದುಕೊಂಡಿತು. ತೆರೆಯ ಮೇಲೆ ಅಣ್ಣನು ಬರೆದ ಸಾಲುಗಳು ಮೂಡಿದವು.

ಅವುಗಳಲ್ಲಿ ಒಂದು ಅಂಕಿಯನ್ನು ಕಂಡು ಹುಡುಗನಿಗೆ ಸಂದೇಹವಾಯಿತು. ಷಡ್ಜವು 0, ರಿಷಭವು 2, ಪಂಚಮವು 7. ಆದರೆ ಗಾಂಧಾರದ ಎಡೆಯಲ್ಲಿ 4 ಇರಬೇಕಾದುದು 3.86 ಎಂದಿದ್ದಿತು. “ಅಪ್ಪಾರು ಹಿಂಗ್ಯಾಕ ಬರದಾರ?” ಎಂದು ಕೇಳಿದನು. ಹಾರ್ಮೋನಿಯಂನ ಗಾಂಧಾರವು ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಒಂದಿಷ್ಟು ಏರಿದುದು. ಭೂಪಕ್ಕೆ ಗಾಂಧಾರವೇ ವಾದಿಸ್ವರವಾದುದರಿಂದ ಆ ಭೇದವು ಬಲ್ಲವರ ಕಿವಿಗೆ ತಾಗದೆ ಇರದು. ನಾನು ಇದನ್ನು ವಿವರಿಸುತ್ತಿರುವಾಗ ವೈನಿಯವರು ಒಲೆಯ ಬಳಿಯಿಂದ ಎದ್ದುಬಂದರು.

“ನಾನೇ ಹೇಳಿದ್ದೆ. ಗಾಂಧಾರ ಏರ್‍ಯದ ಅಂತ ದಿನಾ ಜಗಳಾಡಿದ್ದೆ. ‘ಯಂತ್ರಕ್ಕ ಅಷ್ಟೇ ಬರ್ತದ’ ಅಂತಿದ್ರು. ತಿದ್ದಿದ್ದು ನನಗ ಹೇಳಲೇ ಇಲ್ಲ.”

ಹುಡುಗನು ಸ್ವರಗಳನ್ನು ನುಡಿಸಿದನು. ಜೀರುಂಡೆಯ ದನಿಯಂತಹ ಒಂಟಿ ನಾದ, ಆರೋಹ, ಅವರೋಹ, ಅನಂತರ ಒಂದು ಸಣ್ಣ ಆಲಾಪದ ತುಣುಕು. ವೈನಿಯವರು ಕಣ್ಣುಮುಚ್ಚಿ ಕೇಳಿದರು. “ಗಾಂಧಾರ ಈಗ ಸರಿ ಅದ. ಧೈವತ ಇನ್ನೂ ಏರೇ ಅದ” ಎಂದು ತಾವೇ ಮೆಲ್ಲಗೆ ಹಾಡಿ ತೋರಿಸಿದರು. ಹುಡುಗನು 9ನ್ನು ಅಳಿಸಿ 8.84 ಎಂದು ಬರೆಯಹೋದಾಗ ಅವರು ಅವನ ಕೈಯನ್ನು ಹಿಡಿದರು. ಅದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕೆಂದೂ, ಇದು ಇದ್ದಂತೆಯೇ ಇರಬೇಕೆಂದೂ ಹೇಳಿದರು.

ಕೀಲಿಗಳ ಕೆಳಗಿನ ಹಾಳೆಯನ್ನು ಈಗಲೂ ಹೊಸದಾಗಿ ಮಾಡುವವರಿದ್ದಾರಂತೆ. ಹುಡುಗನು ಹೊರದೇಶದಿಂದ ಒಂದನ್ನು ತರಿಸುತ್ತಿದ್ದಾನೆ. ಯಂತ್ರವು ಸದ್ಯಕ್ಕೆ ವೈನಿಯವರ ಟ್ರಂಕಿನಲ್ಲಿ, ತಂಬೂರಿಯ ಹಳೆಯ ಗವಸಣಿಗೆಯಲ್ಲಿ ಸುತ್ತಿದ್ದಂತೆ ಇದೆ.