ಸವೆತದ ಲೆಕ್ಕ

ನನ್ನ ಪಿಎಚ್.ಡಿ. ವಿಷಯ ಏನೆಂದು ನೆಂಟರು ಕೇಳಿದರೆ ‘ತಿಕ್ಕಾಟ’ ಎನ್ನುತ್ತೇನೆ. ‘ಅದು ನಮ್ಮ ಮನೇಲೇ ಬೇಕಾದಷ್ಟಿದೆ, ಅದಕ್ಕೆ ಯೂನಿವರ್ಸಿಟಿಗೆ ಹೋಗ್ಬೇಕಾ’ ಎಂದು ನಗುತ್ತಾರೆ. ಎರಡು ಲೋಹಗಳು ಒಂದಕ್ಕೊಂದು ಉಜ್ಜಿದಾಗ ಎಷ್ಟು ಸವೆಯುತ್ತವೆ, ನಡುವೆ ಎಣ್ಣೆಯಿದ್ದರೆ ಎಷ್ಟು ಉಳಿಯುತ್ತವೆ ಎನ್ನುವುದನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಈ ವಿದ್ಯೆಗೆ ‘ಟ್ರೈಬಾಲಜಿ’ ಎಂಬ ಹೆಸರು ಹರಡಿದ್ದು 1966ರಲ್ಲಿ, ಬ್ರಿಟನ್ನಿನ ಪೀಟರ್ ಜೋಸ್ಟ್ ಅವರ ವರದಿಯಿಂದ. ಹೆಸರು ಹೊಸದು, ಕೆಲಸ ಹಳೆಯದು. ನಮ್ಮ ತಾತ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಡುತ್ತಿರಲಿಲ್ಲ.

ಕಳೆದ ವರ್ಷದವರೆಗೂ ಈ ಓದು ನನ್ನ ಮತ್ತು ಲ್ಯಾಬಿನ ನಡುವಿನ ವ್ಯವಹಾರವಾಗಿತ್ತು. ಆಮೇಲೆ ಅಮ್ಮನ ತಮ್ಮ ಒಂದು ಹೈಬ್ರಿಡ್ ಕಾರು ಕೊಂಡರು, ಬೆಂಗಳೂರಿನಲ್ಲಿ ಬಾಡಿಗೆಗೆ ಓಡಿಸಲು. ಊರಿನ ಮುಕ್ಕಾಲು ಎಕರೆ ಮಾರಿದ ದುಡ್ಡು ಮುಂಗಡಕ್ಕೆ ಹೋಯಿತು. ಉಳಿದದ್ದು ಐದು ವರ್ಷದ ಸಾಲ. ಕಾರು ತಂದ ಮೂರನೇ ವಾರ ಫೋನು ಬಂತು.

‘ಅಲ್ಲ ಕಣಮ್ಮ, ಸಿಗ್ನಲ್ಲಿಗೊಂದ್ಸಲ ಇಂಜಿನ್ನು ಆಫ್ ಆಗ್ತದೆ, ಮತ್ತೆ ತಾನೇ ಆನ್ ಆಗ್ತದೆ. ದಿನಕ್ಕೆ ನೂರು ಸಲ ಹಿಂಗಾದ್ರೆ ಸವೆದೋಗಲ್ವಾ? ಓದಿರೋಳು ನೀನು, ನೀನೇ ಹೇಳು.’

ಮಾವನ ಭಯ ಬುಡವಿಲ್ಲದ್ದಲ್ಲ. ಇಪ್ಪತ್ತು ವರ್ಷ ಲಾರಿ ಓಡಿಸಿದವರು ಅವರು. ಎಂಜಿನ್ ಹೆಚ್ಚು ಸವೆಯುವುದು ಓಡುವಾಗಲ್ಲ, ಸ್ಟಾರ್ಟ್ ಆಗುವಾಗ ಎಂಬುದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲವರು. ಅದರ ಕಾರಣ ಮಾತ್ರ ಸೊಗಸಾಗಿದೆ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬಾತ ರೈಲಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೊಂದು ತೂತು ಕೊರೆದ. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗಿಳಿಯುವ ಬದಲು ಅದೇ ತೂತಿನಿಂದ ಮೇಲಕ್ಕೆ ಉಕ್ಕಿತು. ಮರದ ಬಿರಡೆ ಜಡಿದರೆ ಅದನ್ನೂ ಹೊರಗೆ ತಳ್ಳಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಇಕ್ಕಟ್ಟಿಗೆ ಎಳೆದುಕೊಂಡು, ಅದರ ಒತ್ತಡದ ಮೇಲೆ ತೇಲುತ್ತದೆ ಎಂದು ಹಾಗೆ ಗೊತ್ತಾಯಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತ ಬರೆದ. ಲೋಹಕ್ಕೂ ಲೋಹಕ್ಕೂ ನಡುವೆ ಉಳಿಯುವ ಈ ಎಣ್ಣೆಯ ಪದರ ಬಿಗಿಯಾದ ಜಾಗದಲ್ಲಿ ಮೈಕ್ರಾನ್ ಲೆಕ್ಕದ್ದು. ನಮ್ಮ ತಲೆಗೂದಲು ಅದರ ಹತ್ತಾರು ಪಟ್ಟು ದಪ್ಪ.

ತೇಲಬೇಕಾದರೆ ತಿರುಗಬೇಕು. ನಿಂತರೆ ಅಚ್ಚು ಮೆಲ್ಲಗೆ ಕುಸಿದು ಲೋಹದ ಮೇಲೆ ಕೂರುತ್ತದೆ. ಮತ್ತೆ ಹೊರಡುವಾಗ ಮೊದಲ ಕೆಲವು ಸುತ್ತು ಉಜ್ಜಿಕೊಂಡೇ ಏಳಬೇಕು. ಮಾವ ಹೆದರಿದ್ದು ಈ ಕೆಲವು ಸುತ್ತಿಗೆ.

ಆದರೆ ಹೈಬ್ರಿಡ್ ಕಾರು ಏಳುವ ರೀತಿ ಬೇರೆ. ಹಳೆಯ ಸ್ಟಾರ್ಟರು ಎಂಜಿನ್ನನ್ನು ನಿಮಿಷಕ್ಕೆ ಇನ್ನೂರು ಮುನ್ನೂರು ಸುತ್ತಿನ ವೇಗದಲ್ಲಿ ಏದುಸಿರು ಬಿಡುತ್ತಾ ತಿರುಗಿಸುತ್ತಿತ್ತು. ಜಪಾನಿನಲ್ಲಿ 1997ರ ಡಿಸೆಂಬರಿನಲ್ಲಿ ಬಂದ ಪ್ರಿಯಸ್‌ನಲ್ಲಿ, ಅದೇ ವಂಶದ ಇಂದಿನ ಕಾರುಗಳಲ್ಲಿ, ದೊಡ್ಡ ವಿದ್ಯುತ್ ಮೋಟಾರು ಎಂಜಿನ್ನನ್ನು ಸಾವಿರ ಸುತ್ತಿನ ಆಸುಪಾಸಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿ, ಆಮೇಲೆ ಪೆಟ್ರೋಲ್ ಕೊಡುತ್ತದೆ. ಉಜ್ಜುವ ಗಳಿಗೆ ಬೇಗ ದಾಟಿಹೋಗುತ್ತದೆ. ಜೊತೆಗೆ, ಸಿಗ್ನಲ್ಲಿನ ಒಂದು ನಿಮಿಷದಲ್ಲಿ ಬಿಸಿ ಎಂಜಿನ್ನಿನ ಎಣ್ಣೆ ಪೂರ್ತಿ ಸೋರಿಹೋಗುವುದಿಲ್ಲ. ಮೈಗೆ ಅಂಟಿಕೊಂಡೇ ಇರುತ್ತದೆ. ರಾತ್ರಿಯಿಡೀ ನಿಂತು ಬೆಳಗಿನ ಜಾವ ಹೊರಡುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ನಿಲ್ಲದ ಎಂಜಿನ್ನಿನ ಒಳಗೂ ನಿಲ್ಲುವುದು ನಡೆದೇ ಇರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಪಿಸ್ಟನ್ ಪ್ರತಿ ಸುತ್ತಿನಲ್ಲೂ ಮೇಲೊಮ್ಮೆ ಕೆಳಗೊಮ್ಮೆ ನಿಂತು ತಿರುಗಿಕೊಳ್ಳುತ್ತದೆ. ನಿಮಿಷಕ್ಕೆ 2000 ಸುತ್ತಾದರೆ 4000 ಸಲ. ಆ ಕ್ಷಣಗಳಲ್ಲಿ ರಿಂಗಿನ ಕೆಳಗಿನ ಎಣ್ಣೆ ತೀರಾ ತೆಳುವಾಗುತ್ತದೆ. ಅಲ್ಲಿ ಕಾಯುವುದು ಎಣ್ಣೆಯಲ್ಲಿ ಬೆರೆಸಿದ ಸತು, ರಂಜಕ, ಗಂಧಕದ ಸಂಯುಕ್ತ. ಉಜ್ಜುವ ಜಾಗದಲ್ಲೇ ಅದು ಗಾಜಿನಂಥ ಒಂದು ಪೊರೆ ಕಟ್ಟುತ್ತದೆ. ಲೋಹದ ಬದಲು ಆ ಪೊರೆ ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ನಾನು ಲ್ಯಾಬಿನಲ್ಲಿ ನೋಡುವುದು ಹೆಚ್ಚಾಗಿ ಇದನ್ನೇ: ತನ್ನನ್ನು ತೇದುಕೊಂಡು ಇನ್ನೊಂದನ್ನು ಉಳಿಸುವ ಪದರವನ್ನು.

ಈ ಪೊರೆ ಕಟ್ಟಲು ಉಜ್ಜಾಟದ ಜೊತೆಗೆ ಬಿಸಿಯೂ ಬೇಕು. ಹೈಬ್ರಿಡ್ಡಿನ ನಿಜವಾದ ತೊಂದರೆ ಇರುವುದು ಇಲ್ಲೇ. ಎಂಜಿನ್ ಆಗಾಗ ಮಲಗಿದರೆ ಎಣ್ಣೆ ಸರಿಯಾಗಿ ಕಾಯುವುದಿಲ್ಲ. ಉರಿದ ಪೆಟ್ರೋಲಿನ ನೀರಾವಿ, ಉರಿಯದೆ ಉಳಿದ ಪೆಟ್ರೋಲು ಎರಡೂ ಅದರೊಳಗೆ ಸೇರಿಕೊಳ್ಳುತ್ತವೆ. ಬಿಸಿಯಾದರೆ ಹಾರಿಹೋಗಬೇಕಾದವು ಅಲ್ಲೇ ಕೂತು ಎಣ್ಣೆಯನ್ನು ನೀರಾಗಿಸುತ್ತವೆ. ಮೊದಲೇ ಈ ಕಾರುಗಳಿಗೆ ಮೈಲೇಜಿಗೆಂದು 0ಡಬ್ಲ್ಯೂ-20, 0ಡಬ್ಲ್ಯೂ-16ರಂಥ ತೆಳು ಎಣ್ಣೆ. ಹಾಗಾಗಿ ದಿನಕ್ಕೆ ನೂರು ಸಲ ನಿಲ್ಲುವ ಟ್ಯಾಕ್ಸಿಗಿಂತ, ತರಕಾರಿ ಅಂಗಡಿಗೆ ಎರಡು ಕಿಲೋಮೀಟರ್ ಹೋಗಿ ಬಂದು ಮಲಗುವ ಕಾರಿನ ಬಗ್ಗೆ ಹೆಚ್ಚು ಚಿಂತಿಸಬೇಕು.

ಇದನ್ನೆಲ್ಲ ಮಾವನಿಗೆ ಹೇಳಿದೆ. ‘ನೀವು ಏರ್‌ಪೋರ್ಟಿಗೆ ಓಡಿಸ್ತೀರಲ್ಲ ಮಾವ, ಅದೇ ಒಳ್ಳೇದು. ಎಣ್ಣೆ ಚೆನ್ನಾಗಿ ಕಾಯುತ್ತೆ. ಪುಸ್ತಕದಲ್ಲಿ ಬರೆದಿರೋ ಎಣ್ಣೇನೇ ಹಾಕಿಸಿ, ದಪ್ಪ ಎಣ್ಣೆ ಹಾಕಿಸಬೇಡಿ. ಕಿಲೋಮೀಟರ್ ಆಗದಿದ್ರೂ ತಿಂಗಳು ತುಂಬಿದ್ರೆ ಬದಲಾಯಿಸಿ.’ ಅವರು ಎಲ್ಲ ಕೇಳಿಸಿಕೊಂಡು, ‘ಐದು ವರ್ಷ ಬರ್ತದಾ?’ ಎಂದರು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ವಿದ್ಯೆ ಮಾತಾಡುವುದು ಸರಾಸರಿಯಲ್ಲಿ. ಒಂದೇ ಪರೀಕ್ಷೆಯನ್ನು ಹಲವು ಸಲ ಮಾಡಿ, ಹೆಚ್ಚುಕಡಿಮೆಯನ್ನು ಗೆರೆಯ ಮೇಲೊಂದು ಕೆಳಗೊಂದು ಚುಕ್ಕೆಯಾಗಿ ತೋರಿಸುತ್ತೇವೆ. ಮಾವನ ಹತ್ತಿರ ಇರುವುದು ಒಂದೇ ಕಾರು. ಅದು ಗೆರೆಯ ಕೆಳಗಿನ ಚುಕ್ಕೆಯಾದರೆ ಸರಾಸರಿ ಅವರ ಕಂತು ಕಟ್ಟುವುದಿಲ್ಲ.

‘ನೋಡಿಕೊಂಡ್ರೆ ಬರುತ್ತೆ ಮಾವ’ ಎಂದೆ. ಗೊತ್ತಿರುವ ಮಟ್ಟಿಗೆ ಅದು ನಿಜ. ಅವರು ತಿಂಗಳಿಗೊಮ್ಮೆ ಅಳತೆಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಎಣ್ಣೆಯ ಫೋಟೋ ಕಳಿಸುತ್ತಾರೆ. ಕಾರಿನ ಪುಸ್ತಕದಲ್ಲಿ ಇಲ್ಲದಿದ್ದರೂ ಆ ದಿನದ ಕಿಲೋಮೀಟರನ್ನೂ ಕಂತಿನ ತಾರೀಖನ್ನೂ ಜೊತೆಗೇ ಬರೆದಿರುತ್ತಾರೆ. ನಾನು ಅವನ್ನೆಲ್ಲ ಒಂದು ಫೋಲ್ಡರಿನಲ್ಲಿ ಇಟ್ಟಿದ್ದೇನೆ. ನನ್ನ ಪ್ರಬಂಧದಲ್ಲಿ ಅವಕ್ಕೆ ಜಾಗವಿಲ್ಲ. ಆದರೂ ಪ್ರತಿ ಫೋಟೋ ಬಂದಾಗ ಮೊದಲು ಬಣ್ಣ ನೋಡುತ್ತೇನೆ, ಆಮೇಲೆ ಇನ್ನೆಷ್ಟು ಕಂತು ಉಳಿದಿದೆ ಎಂದು ಎಣಿಸುತ್ತೇನೆ.